ಬದಲಾದದ್ದು ಯಾವುದು ಎಂದು ಕೇಳು

ಪುಟ್ಟೀ, ಆಸ್ಪತ್ರೆಯ ಕೆಲಸ ಬಿಟ್ಟು ಕೀಲುರೋಗಗಳ ಔಷಧ ಪ್ರಯೋಗಗಳ ಎಂಆರ್‌ಐ ಓದುವ ಕಡೆಗೆ ಹೋಗುತ್ತೇನೆ ಅಂತ ನೀನು ಹೇಳಿದಾಗ ನಿಮ್ಮಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. ಎಂಡಿ ಮಾಡಿ ರೋಗಿಯ ಮುಖವನ್ನೇ ನೋಡದ ಕೆಲಸವಾ, ಅಂದಳು. ರೇಡಿಯಾಲಜಿಯವರು ರೋಗಿಯ ಮುಖ ನೋಡಿದ್ದಾದರೂ ಯಾವಾಗ ಅಂತ ನಾನು ನಕ್ಕುಬಿಟ್ಟೆ. ಕೆಲಸ ಒಳ್ಳೆಯದೇ. ಆದರೆ ಇಲ್ಲಿಯವರೆಗೆ ನೀನು ಕಲಿತ ಓದಿಗೂ ಅಲ್ಲಿ ಬೇಕಾದ ಓದಿಗೂ ಬಹಳ ಅಂತರವಿದೆ. ಹೋಗುವ ಮುಂಚೆ ಒಂದಿಷ್ಟು ಹೇಳಿಬಿಡುತ್ತೇನೆ, ಕೇಳಿಸಿಕೋ.

ಆಸ್ಪತ್ರೆಯಲ್ಲಿ ನೀನು ಬರೆಯುವ ರಿಪೋರ್ಟು ಒಬ್ಬ ರೋಗಿಯದು, ಒಬ್ಬ ಡಾಕ್ಟರಿಗೆ. ಅನುಮಾನ ಬಂದರೆ ‘ಕ್ಲಿನಿಕಲಿ ಕೊರಿಲೇಟ್’ ಅಂತ ಒಂದು ಸಾಲು ಹಾಕಿ ಸುಮ್ಮನಾಗಬಹುದು. ನಮ್ಮ ತಲೆಮಾರಿನ ಎಷ್ಟೋ ಜನ ಆ ಒಂದು ಸಾಲಿನ ಆಸರೆಯಲ್ಲೇ ನಿವೃತ್ತರಾದರು. ಪ್ರಯೋಗದ ಫಾರಂನಲ್ಲಿ ಆ ಸಾಲಿಗೆ ಜಾಗವಿಲ್ಲ. ಈ ಕೀಲಿಗೆ 1 ಹಾಕುತ್ತೀಯೋ 2 ಹಾಕುತ್ತೀಯೋ, ಅಷ್ಟೇ. ನಿನ್ನಂಥವರು ಹಾಕಿದ ಸಾವಿರಾರು ಅಂಕಗಳು ಕೂಡಿ ಒಂದು ಔಷಧ ಕೀಲನ್ನು ಕಾಪಾಡುತ್ತದೆ ಅಥವಾ ಇಲ್ಲ ಅನ್ನುವ ತೀರ್ಪಾಗುತ್ತದೆ. ಹಾಗಾಗಿ ಮೊದಲ ಸ್ಕ್ಯಾನಿಗೂ ಆರು ತಿಂಗಳ ಮೇಲಿನ ಸ್ಕ್ಯಾನಿಗೂ ವ್ಯತ್ಯಾಸ ಕಂಡಾಗಲೆಲ್ಲ ಬದಲಾದದ್ದು ಯಾವುದು ಅಂತ ಕೇಳಿಕೋ. ಕೀಲೋ, ಯಂತ್ರವೋ, ನಿನ್ನ ಕಣ್ಣೋ? ಕೀಲೇ ಅಂತ ಖಾತ್ರಿಯಾದ ಮೇಲೂ, ಅದರಿಂದ ಆ ಮನುಷ್ಯನಿಗೆ ಏನು ಬದಲಾಯಿತು ಅಂತ ಕೇಳು. ನಾನು ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯದೇ ವಿಸ್ತಾರ.

ಈ ಕೆಲಸಕ್ಕೆ ಎಂಆರ್‌ಐ ಯಾಕೆ ಬಂತು ಅನ್ನುವುದು ಗೊತ್ತಿರಲಿ. ರುಮಟಾಯ್ಡ್ ಸಂಧಿವಾತದ ಪ್ರಯೋಗಗಳಿಗೆ ದಶಕಗಳ ಕಾಲ ಎಕ್ಸ್‌ರೇಯೇ ಅಳತೆಗೋಲು. 1971ರಲ್ಲಿ ಅಮೆರಿಕದ ಜಾನ್ ಶಾರ್ಪ್ ಕೈಗಳ ಎಕ್ಸ್‌ರೇಗೆ ಅಂಕ ಹಾಕುವ ಕ್ರಮವೊಂದನ್ನು ಕೊಟ್ಟರು. ನೆದರ್‌ಲೆಂಡ್ಸಿನ ಡೆಸಿರೆ ಫಾನ್ ಡರ್ ಹೈಡೆ ಅದಕ್ಕೆ ಪಾದಗಳನ್ನೂ ಸೇರಿಸಿ ತಿದ್ದಿದರು. ಆ ತಿದ್ದಿದ ಪಟ್ಟಿಯ ಗರಿಷ್ಠ ಅಂಕ 448. ಇವತ್ತಿಗೂ ಅದಕ್ಕೆ ಮರ್ಯಾದೆ ಇದೆ, ಇರಲೂ ಬೇಕು. ತೊಂದರೆ ಏನೆಂದರೆ, ಎಕ್ಸ್‌ರೇಗೆ ಕಾಣುವುದು ಆಗಿಹೋದ ಹಾನಿ. ಮೂಳೆಯ ಅಂಚು ಕೊರೆದುಹೋದ ಮೇಲೆ, ಕೀಲಿನ ಸಂದು ಕಿರಿದಾದ ಮೇಲೆ ಅದು ಹೇಳುತ್ತದೆ. ಕೀಲಿನ ಒಳಪೊರೆ ಊದಿಕೊಂಡದ್ದು, ಮೂಳೆಮಜ್ಜೆಯಲ್ಲಿ ಉರಿಯೂತ ಶುರುವಾದದ್ದು ಅದಕ್ಕೆ ಕಾಣುವುದಿಲ್ಲ. ಆಕ್ಲೆಂಡಿನಲ್ಲಿ ಫಿಯೋನಾ ಮೆಕ್‌ಕ್ವೀನ್ ಮತ್ತು ಸಂಗಡಿಗರು ರೋಗ ಶುರುವಾಗಿ ನಾಲ್ಕು ತಿಂಗಳಷ್ಟೇ ಆಗಿದ್ದ 42 ಜನರ ಮಣಿಕಟ್ಟು ನೋಡಿ 1998ರಲ್ಲಿ ಪ್ರಕಟಿಸಿದರು. ಎಂಆರ್‌ಐಯಲ್ಲಿ ಶೇ. 45 ಮಂದಿಗೆ ಮೂಳೆ ಕೊರೆತ ಕಂಡಿತ್ತು, ಎಕ್ಸ್‌ರೇಯಲ್ಲಿ ಶೇ. 15 ಮಂದಿಗೆ.

ಇದರ ಹಿಂದೆ ನೈತಿಕತೆಯ ಪ್ರಶ್ನೆಯೂ ಇದೆ. ಅದನ್ನು ನಿನಗೆ ಯಾರೂ ಟ್ರೇನಿಂಗ್‌ನಲ್ಲಿ ಹೇಳುವುದಿಲ್ಲ. ಮೆಥೊಟ್ರೆಕ್ಸೇಟ್ ಸರಿಯಾಗಿ ಬಳಕೆಗೆ ಬಂದು, ಆಮೇಲೆ ಬಯೊಲಾಜಿಕ್ ಔಷಧಗಳೂ ಬಂದಮೇಲೆ ರೋಗಿಗಳ ಕೀಲು ಮೊದಲಿನ ವೇಗದಲ್ಲಿ ಹಾಳಾಗುವುದು ನಿಂತಿತು. ದೇವರ ದಯೆ. ಆದರೆ ಹೊಸ ಔಷಧ ಪರೀಕ್ಷಿಸುವವರಿಗೆ ಕಷ್ಟ ಶುರುವಾಯಿತು. ಹೋಲಿಕೆಯ ಗುಂಪಿನಲ್ಲೂ ಎಕ್ಸ್‌ರೇ ಹೆಚ್ಚೇನೂ ಬದಲಾಗದಿದ್ದರೆ ವ್ಯತ್ಯಾಸ ತೋರಿಸುವುದು ಹೇಗೆ? ನೂರಾರು ಜನರನ್ನು ಸೇರಿಸಬೇಕು, ಇಲ್ಲವೇ ಕೆಲವರನ್ನು ಸರಿಯಾದ ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಕಾಯಿಸಬೇಕು. ಹಾಗೆ ಕಾಯಿಸುವ ಹಕ್ಕು ಯಾರಿಗಿದೆ? ಒಳಪೊರೆಯ ಊತ ಇಳಿಯುವುದನ್ನು ಎಂಆರ್‌ಐ ಕೆಲವೇ ತಿಂಗಳಲ್ಲಿ ತೋರಿಸುತ್ತದೆ. ಕಡಿಮೆ ಜನ, ಕಡಿಮೆ ಕಾಲ, ಪ್ಲಾಸಿಬೊ ಮೇಲೆ ಕಡಿಮೆ ದಿನ. ಆದ್ದರಿಂದ ನೀನು ಗಮನವಿಲ್ಲದೆ ಹಾಕಿದ ಒಂದು ಅಂಕ ಬರೀ ಲೆಕ್ಕದ ತಪ್ಪಾಗಿ ಉಳಿಯುವುದಿಲ್ಲ. ಕಣ್ಣಿನ ಗಲಿಬಿಲಿ ಹೆಚ್ಚಾದಷ್ಟೂ ಉತ್ತರ ಸಿಗಲು ಇನ್ನಷ್ಟು ಜನ ಪ್ರಯೋಗಕ್ಕೆ ಒಳಗಾಗಬೇಕಾಗುತ್ತದೆ.

ನಿಯಮ ಹೇಗೆ ಹುಟ್ಟಿತು ಅಂತಲೂ ತಿಳಿ. ಸಂಧಿವಾತದ ಪ್ರಯೋಗಗಳಲ್ಲಿ ಏನನ್ನು ಅಳೆಯಬೇಕು ಅನ್ನುವ ಚರ್ಚೆಗೆಂದೇ 1992ರಲ್ಲಿ ಮಾಸ್ಟ್ರಿಕ್ಟ್ ಊರಿನಲ್ಲಿ ಒಮೆರಾಕ್ಟ್ ಎಂಬ ಬಳಗ ಮೊದಲ ಸಲ ಸೇರಿತು. ಕೋಪನ್‌ಹೇಗನ್ನಿನ ಮಿಕೆಲ್ ಓಸ್ಟರ್‌ಗಾರ್ಡ್, ಲೀಡ್ಸಿನ ಫಿಲಿಪ್ ಕೊನಹನ್ ಮುಂತಾದವರಿದ್ದ ಅದರ ಎಂಆರ್‌ಐ ಗುಂಪು ಬೇರೆ ಬೇರೆ ದೇಶಗಳಲ್ಲಿ ಒಂದೇ ಚಿತ್ರಗಳನ್ನು ಹಂಚಿಕೊಂಡು ಓದಿ, ಎಲ್ಲೆಲ್ಲಿ ಹೊಂದಾಣಿಕೆ ಬರಲಿಲ್ಲವೋ ಅಲ್ಲೆಲ್ಲ ತಿದ್ದಿ, 2003ರಲ್ಲಿ ರಾಮ್ರಿಸ್ ಅನ್ನುವ ಅಂಕ ಪದ್ಧತಿಯನ್ನು ಪ್ರಕಟಿಸಿತು. 2005ರಲ್ಲಿ ಅದಕ್ಕೊಂದು ಚಿತ್ರಸಂಪುಟವೂ ಬಂತು. ಯಾವ ಅಂಕಕ್ಕೆ ಚಿತ್ರ ಹೇಗಿರಬೇಕು ಅಂತ ಪುಟಪುಟದಲ್ಲಿ ತೋರಿಸುವ ಪುಸ್ತಕ. ಓದುವಾಗ ಅದು ಪಕ್ಕದಲ್ಲೇ ತೆರೆದಿರಲಿ. ಬಾಯಿಪಾಠ ಆಗಿದೆ ಅನ್ನಿಸಿದ ದಿನವೂ ಮುಚ್ಚಬೇಡ, ಅವತ್ತೇ ಅದರ ಅಗತ್ಯ ಹೆಚ್ಚು.

ರಾಮ್ರಿಸ್ ನೋಡುವುದು ಮೂರನ್ನು. ಒಳಪೊರೆಯ ಉರಿಯೂತ, ಮೂಳೆಮಜ್ಜೆಯ ಊತ ಅಂದರೆ ಎಡೀಮಾ, ಮೂಳೆಯ ಕೊರೆತ. ಉರಿಯೂತಕ್ಕೆ ಮಣಿಕಟ್ಟಿನಲ್ಲಿ ಮೂರು ಜಾಗ, ಎರಡರಿಂದ ಐದನೇ ಬೆರಳಿನವರೆಗಿನ ಬುಡದ ಗೆಣ್ಣುಗಳು ನಾಲ್ಕು, ಒಟ್ಟು ಏಳು. ಒಂದೊಂದಕ್ಕೆ 0ಯಿಂದ 3. ಎಡೀಮಾಕ್ಕೂ 0ಯಿಂದ 3, ಮೂಳೆಯ ಎಷ್ಟು ಪಾಲಿನಲ್ಲಿ ಹರಡಿದೆ ಅಂತ ಮೂರರಲ್ಲೊಂದು ಭಾಗದ ಲೆಕ್ಕದಲ್ಲಿ. ಕೊರೆತಕ್ಕೆ ಮಾತ್ರ 0ಯಿಂದ 10, ಮೂಳೆಯ ಹತ್ತರಲ್ಲೊಂದು ಪಾಲಿಗೆ ಒಂದು ಅಂಕ. ಹೀಗೆ 23 ಮೂಳೆ ನೋಡಬೇಕು, ಗರಿಷ್ಠ 230. ಹೇಳುವುದಕ್ಕೆ ಸುಲಭ. ಕೂತು ನೋಡು, ಆಗ ಗೊತ್ತಾಗುತ್ತದೆ. ಬೆರಳಿನ ಬುಡದ ಮೂಳೆ ಉದ್ದದ್ದು, ಅದರ ಹತ್ತರಲ್ಲೊಂದು ಪಾಲು ಅಂದರೆ ಯಾವುದರ ಪಾಲು? ಅದಕ್ಕೂ ನಿಯಮವಿದೆ. ಕೀಲಿನ ಮೇಲ್ಮೈಯಿಂದ 1 ಸೆಂಟಿಮೀಟರ್ ಆಳದವರೆಗೆ ಮಾತ್ರ ಲೆಕ್ಕ. ಕೊರೆತ ಆಗಿದ್ದರೆ, ಕೊರೆಯುವ ಮೊದಲು ಮೇಲ್ಮೈ ಎಲ್ಲಿ ಇದ್ದಿರಬಹುದು ಅಂತ ಮನಸ್ಸಿನಲ್ಲಿ ಗೆರೆ ಎಳೆದು ಅಲ್ಲಿಂದ ಅಳೆಯಬೇಕು. ಮಣಿಕಟ್ಟಿನ ಪುಟ್ಟ ಮೂಳೆಗಳಿಗೆ ಇಡೀ ಮೂಳೆಯೇ ಲೆಕ್ಕ. ಕೊರೆತ ಅನ್ನಬೇಕಾದರೆ ಅದು ಎರಡು ದಿಕ್ಕಿನ ಚಿತ್ರದಲ್ಲೂ ಕಾಣಬೇಕು, ಒಂದರಲ್ಲಾದರೂ ಮೂಳೆಯ ಹೊರಕವಚ ಮುರಿದಿರಬೇಕು. ಒಂದೇ ದಿಕ್ಕಿನಲ್ಲಿ ಚೆನ್ನಾಗಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ನಿನ್ನ ಅನುಭವ ಏನೇ ಹೇಳಲಿ, ಅಂಕ ಹಾಕಕೂಡದು. ಆಸ್ಪತ್ರೆಯಲ್ಲಿ ನಿನ್ನ ಅನುಭವಕ್ಕೆ ಬೆಲೆ ಕೊಟ್ಟು ಕೂರಿಸಿದ್ದರು. ಇಲ್ಲಿ ಬೆಲೆ ನಿಯಮಕ್ಕೆ. ಜಾಣರಿಗೆ ಇದು ಜೀರ್ಣವಾಗುವುದು ಕಷ್ಟ, ನಿನಗೂ ಕಷ್ಟವಾದೀತು.

ಈ ಮೂರರಲ್ಲಿ ಎಡೀಮಾದ ಮೇಲೆ ಹೆಚ್ಚು ನಿಗಾ ಇಡು. ಹೆಸರು ಕೇಳಿದರೆ ಬರೀ ನೀರು ತುಂಬಿದ ಹಾಗೆ ಅನ್ನಿಸುತ್ತದೆ. ಕೀಲಿನ ಶಸ್ತ್ರಚಿಕಿತ್ಸೆಗೆ ಮೊದಲು ಎಂಆರ್‌ಐ ಮಾಡಿ, ಆಮೇಲೆ ತೆಗೆದ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅಲ್ಲಿ ಕಂಡದ್ದು ಉರಿಯೂತದ ಕೋಶಗಳು. ಅಂದರೆ ಮೂಳೆ ಒಳಗಿನಿಂದಲೂ ದಾಳಿಗೆ ಸಿಕ್ಕಿದೆ. ಡೆನ್ಮಾರ್ಕಿನ ಸಿಮೆಸ್ಟ್ರಾ ಪ್ರಯೋಗದಲ್ಲಿ ಹೊಸ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದಾಗ, ಮುಂದೆ ಎಕ್ಸ್‌ರೇಯಲ್ಲಿ ಹಾನಿ ಯಾರಿಗೆ ಕಾಣುತ್ತದೆ ಅಂತ ಎಲ್ಲಕ್ಕಿಂತ ಚೆನ್ನಾಗಿ ಮುಂಗಂಡದ್ದು ಮೊದಲ ಎಂಆರ್‌ಐಯ ಎಡೀಮಾ ಅಂಕ. ಅಷ್ಟು ತೂಕದ ಅಂಕ ಅದು. ಮೋಸ ಹೋಗುವುದೂ ಅದರಲ್ಲೇ ಸುಲಭ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಕಣ್ಣಿನ ವಿಷಯ. ಯಾವ ರೋಗಿಗೆ ಯಾವ ಔಷಧ ಅಂತ ನಿನಗೆ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಒಳ್ಳೆಯ ಪ್ರಯೋಗಗಳಲ್ಲಿ ಯಾವ ಸ್ಕ್ಯಾನ್ ಮೊದಲಿನದು, ಯಾವುದು ನಂತರದ್ದು ಅನ್ನುವುದನ್ನೂ ಮುಚ್ಚಿಡುತ್ತಾರೆ. ಒಬ್ಬ ರೋಗಿಯ ಎರಡೂ ಚಿತ್ರಗಳು ಅಕ್ಕಪಕ್ಕ ಇರುತ್ತವೆ, ತಾರೀಖು ಮಾತ್ರ ಇರುವುದಿಲ್ಲ. ಯಾಕೆ ಹಾಗೆ? ಕ್ರಮ ಗೊತ್ತಿದ್ದರೆ ಮನಸ್ಸು ಒಂದು ಕಥೆ ಕಟ್ಟುತ್ತದೆ. ಕೊರೆತ ಕಾಲಕ್ರಮದಲ್ಲಿ ಹೆಚ್ಚಬೇಕು ಅನ್ನುವ ನಂಬಿಕೆ ನಮ್ಮೆಲ್ಲರಲ್ಲೂ ಇದೆ, ನಂತರದ ಚಿತ್ರದಲ್ಲಿ ಅದನ್ನು ಹುಡುಕುತ್ತೇವೆ, ಹುಡುಕಿದ್ದು ಸಿಗುತ್ತದೆ. ಹಾಗಂತ ಕ್ರಮ ಗೊತ್ತಿದ್ದು ಓದುವುದು ಪೂರ್ತಿ ತಪ್ಪು ಅಂತಲೂ ಅಲ್ಲ. ಸಣ್ಣ ಬದಲಾವಣೆ ಹಿಡಿಯಲು ಅದು ನೆರವಾಗುತ್ತದೆ, ಅದರ ಪರವಾಗಿ ವಾದಿಸುವ ಹಿರಿಯರೂ ಇದ್ದಾರೆ. ಆದರೆ ಕ್ರಮ ಮುಚ್ಚಿದ ಪ್ರಯೋಗದಲ್ಲಿ ಕೂತಾಗ ಜಾಣತನ ತೋರಿಸಿ ಕ್ರಮವನ್ನು ಊಹಿಸಲು ಹೋಗಬೇಡ. ಉಗುರು ಬೆಳೆದಿದೆ, ಬೆರಳಿನ ಉಂಗುರ ತೆಗೆದ ಗುರುತು ಹೋಗಿದೆ ಅಂತ ಪತ್ತೇದಾರಿ ಮಾಡುವ ಹುಡುಗರನ್ನು ಕಂಡಿದ್ದೇನೆ. ಕುಶಾಲಿಗೆ ಶುರುವಾಗುತ್ತದೆ, ಅಂಕ ಕೆಡುತ್ತದೆ.

ನಿನ್ನ ಜೊತೆಗೆ ಇನ್ನೊಬ್ಬರು ಅದೇ ಚಿತ್ರ ಓದುತ್ತಿರುತ್ತಾರೆ. ಅವರು ಎಷ್ಟು ಹಾಕಿದರು ಅಂತ ಕ್ಯಾಂಟೀನಿನಲ್ಲಿ ಕೇಳಬೇಡ. ಕೆಲಸ ಶುರುವಾಗುವ ಮುಂಚೆ ಹಳೆಯ ಚಿತ್ರಗಳ ಮೇಲೆ ನಿನ್ನನ್ನು ಪರೀಕ್ಷೆ ಮಾಡುತ್ತಾರೆ, ಮಧ್ಯೆ ಮಧ್ಯೆ ಒಮ್ಮೆ ಓದಿದ್ದನ್ನೇ ನಿನಗೆ ತಿಳಿಯದಂತೆ ಮತ್ತೆ ಕೊಡುತ್ತಾರೆ. ಬೇಸರಪಟ್ಟುಕೊಳ್ಳಬೇಡ. ಕಟ್ಟುನಿಟ್ಟಿನ ವ್ಯಾಪಾರಿ ತೂಗುವ ಮುಂಚೆ ಖಾಲಿ ತಕ್ಕಡಿ ಎತ್ತಿ ಮುಳ್ಳು ಎಲ್ಲಿ ನಿಂತಿದೆ ಅಂತ ಗಿರಾಕಿಗೇ ತೋರಿಸುತ್ತಾನಲ್ಲ, ಇದೂ ಅದೇ. ಒಂದೇ ಚಿತ್ರಕ್ಕೆ ಸೋಮವಾರ 6, ಗುರುವಾರ 8 ಹಾಕುವ ಓದುಗನಿಗೆ, ಎರಡು ಬೇರೆ ಚಿತ್ರಗಳ ನಡುವೆ 2 ಅಂಕದ ವ್ಯತ್ಯಾಸ ಕಂಡರೆ ಅದಕ್ಕೆ ಅರ್ಥವಿಲ್ಲ. ಓದುಗರ ಈ ಅಲುಗಾಟವನ್ನು ಲೆಕ್ಕ ಹಾಕಿ, ಇದಕ್ಕಿಂತ ಕಡಿಮೆ ಇದ್ದರೆ ನಂಬಬೇಡ ಅಂತ ಒಂದು ಗಡಿ ಇಡುತ್ತಾರೆ. ಪತ್ತೆಹಚ್ಚಬಲ್ಲ ಕನಿಷ್ಠ ಬದಲಾವಣೆ ಅಂತ ಅದಕ್ಕೆ ಹೆಸರು. ಯಾವುದೇ ಪ್ರಬಂಧ ಕೈಗೆ ಬಂದರೂ ಔಷಧದ ಫಲಿತಾಂಶಕ್ಕಿಂತ ಮೊದಲು ಈ ಗಡಿ ಎಷ್ಟು ಅಂತ ಹುಡುಕು. ಅದನ್ನು ಕೊಡದೆ ಬರೀ ‘ಸುಧಾರಣೆ ಕಂಡಿತು’ ಅಂದಿದ್ದರೆ ಪುಟ ಮಗುಚು.

ಯಂತ್ರದ ಕಥೆ ಇನ್ನೊಂದು. ಟೆಕ್ನಿಷಿಯನ್‌ಗಳನ್ನು ಸ್ನೇಹಿತರನ್ನಾಗಿ ಮಾಡಿಕೋ ಅಂತ ನಾನು ಎಲ್ಲ ಕಿರಿಯರಿಗೂ ಹೇಳುತ್ತೇನೆ, ಕೆಲವರು ಮಾತ್ರ ಕೇಳುತ್ತಾರೆ. ಕೈಯ ಸ್ಕ್ಯಾನಿಗೆ ದೊಡ್ಡ ಯಂತ್ರದಲ್ಲಿ ರೋಗಿ ಕವುಚಿ ಮಲಗಿ ತೋಳನ್ನು ತಲೆಯ ಮೇಲಕ್ಕೆ ಚಾಚಬೇಕು. ಆಯಸ್ಕಾಂತ ಕ್ಷೇತ್ರ ನಡುವಿನಲ್ಲಿ ಸಮನಾಗಿರುತ್ತದೆ, ಕೈ ಅಲ್ಲಿಗೇ ಬರಲಿ ಅಂತ. ಸಿನಿಮಾದ ಸೂಪರ್‌ಮ್ಯಾನ್ ಹಾರುವ ಭಂಗಿ. ಭುಜದ ಕೀಲೂ ನೋಯುತ್ತಿರುವ ಸಂಧಿವಾತದ ರೋಗಿ ಅರ್ಧ ಗಂಟೆ ಹಾಗಿರುವುದು ಏನು ಸಾಮಾನ್ಯವೇ? ಪಾಪ, ಸ್ವಲ್ಪ ಸರಿಯುತ್ತಾರೆ. ಸರಿದರೆ ಚಿತ್ರ ಮಸುಕು. ಕೈಯನ್ನು ಮೈಪಕ್ಕ ಇಟ್ಟರೆ ರೋಗಿಗೆ ಹಾಯ್, ಆದರೆ ಅಂಚಿನಲ್ಲಿ ಕ್ಷೇತ್ರ ಸಮನಾಗಿರದೆ ಕೊಬ್ಬಿನ ಬೆಳಕನ್ನು ಆರಿಸುವ ತಂತ್ರ ಅಲ್ಲಲ್ಲಿ ಕೈಕೊಡುತ್ತದೆ. ಮಜ್ಜೆಯ ತುಂಬ ಕೊಬ್ಬು, ಅದು ಆರದೆ ಬೆಳ್ಳಗೆ ಉಳಿದರೆ ಥೇಟ್ ಎಡೀಮಾ. ಮೋಸ ಹೋಗುವುದು ಸುಲಭ ಅಂದೆನಲ್ಲ, ಇದೇ ಅದು. ಮೊದಲ ಸಲ ಒಂದು ಭಂಗಿ, ಎರಡನೇ ಸಲ ಇನ್ನೊಂದು ಆಗಿದ್ದರೆ ಔಷಧಕ್ಕೆ ಸಂಬಂಧವೇ ಇಲ್ಲದೆ ಎಡೀಮಾ ಬರುತ್ತದೆ, ಹೋಗುತ್ತದೆ. ಚರ್ಮದ ಕೆಳಗಿನ ಕೊಬ್ಬು ಅದೇ ಅಂಚಿನಲ್ಲಿ ಬೆಳ್ಳಗಿದೆಯೇ ನೋಡು. ಇದ್ದರೆ ಮಜ್ಜೆಯ ಬಿಳುಪನ್ನು ನಂಬಬೇಡ. ಟೆಂಡನ್ನುಗಳು ಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದಾಗ ಸುಮ್ಮಸುಮ್ಮನೆ ಬೆಳಗುವುದನ್ನು ನೀನು ಎಂಡಿಯಲ್ಲೇ ಓದಿದ್ದೀಯ, ಹೆಚ್ಚು ಹೇಳುವುದಿಲ್ಲ.

ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟಮೇಲೆ ಎಷ್ಟು ಹೊತ್ತಿಗೆ ಚಿತ್ರ ತೆಗೆದರು ಅನ್ನುವುದೂ ಅಷ್ಟೇ ಮುಖ್ಯ. ಆ ದ್ರವ್ಯ ಮೊದಲು ಉರಿಯೂತವಿರುವ ಒಳಪೊರೆಯನ್ನು ಬೆಳಗಿಸುತ್ತದೆ, ಹೊತ್ತು ಕಳೆದಂತೆ ಕೀಲಿನೊಳಗಿನ ನೀರಿಗೂ ಇಳಿಯುತ್ತದೆ. ತಡವಾಗಿ ತೆಗೆದ ಚಿತ್ರದಲ್ಲಿ ಪೊರೆ ಯಾವುದು, ನೀರು ಯಾವುದು ಅಂತ ಬೇರ್ಪಡಿಸುವುದು ಕಷ್ಟ, ಊತ ಇದ್ದುದಕ್ಕಿಂತ ದಪ್ಪ ಕಾಣುತ್ತದೆ. ಪ್ರತಿ ಸಲವೂ ಅದೇ ಅವಧಿ ಪಾಲಿಸಿದ್ದಾರಾ ನೋಡು, ಸಮಯ ಚಿತ್ರದ ಜೊತೆಗೇ ದಾಖಲಾಗಿರುತ್ತದೆ. ಇನ್ನು ಪ್ರಯೋಗದ ನಡುವೆ ಯಾವುದೋ ಆಸ್ಪತ್ರೆ ಯಂತ್ರದ ಸಾಫ್ಟ್‌ವೇರ್ ಬದಲಿಸುತ್ತದೆ, ಕಾಯಿಲ್ ಬದಲಿಸುತ್ತದೆ, 1.5 ಟೆಸ್ಲಾ ಹೋಗಿ 3 ಟೆಸ್ಲಾ ಬರುತ್ತದೆ. ಅವರಿಗೆ ಅದು ಸಂಭ್ರಮ, ನಿನಗೆ ತಲೆನೋವು. ಇಂಥದ್ದು ಕಂಡರೆ ಅಂಕ ಹಾಕಿ ಮುಂದೆ ಹೋಗಬೇಡ, ಬರೆದು ತಿಳಿಸು. ಚಿತ್ರವೇ ಅಳತೆಗೆ ಯೋಗ್ಯವಿಲ್ಲದಿದ್ದರೆ ‘ಓದಲಾಗದು’ ಅಂತ ಬರೆಯುವ ಧೈರ್ಯ ಇರಲಿ. ಪಾಪ, ಅಷ್ಟು ದೂರದಿಂದ ಸ್ಕ್ಯಾನ್ ಮಾಡಿಸಿ ಕಳಿಸಿದ್ದಾರೆ ಅಂತ ದಾಕ್ಷಿಣ್ಯಕ್ಕೆ ಹಾಕಿದ ಅಂಕ ಯಾರಿಗೂ ಉಪಕಾರ ಮಾಡುವುದಿಲ್ಲ.

ಆರೋಗ್ಯವಂತರ ಚಿತ್ರಗಳನ್ನೂ ಸಾಕಷ್ಟು ನೋಡು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಎಕ್ಸ್‌ರೇಯಲ್ಲಿ ಮಂಡಿ ಸವೆತದ ಗುರುತೇ ಇಲ್ಲದ, 50 ದಾಟಿದ 710 ಜನರಿಗೆ ಎಂಆರ್‌ಐ ಮಾಡಿದರು. 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅವರಲ್ಲಿ ಶೇ. 89 ಮಂದಿಗೆ ಏನಾದರೊಂದು ದೋಷ ಕಂಡಿತ್ತು. ಮಂಡಿ ನೋವಿದ್ದವರಲ್ಲೂ, ನೋವೇ ಇಲ್ಲದವರಲ್ಲೂ. ಸೊಂಟದ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಿ ಓಟಗಾರರಿಗೆ, ಹೆರಿಗೆಯಾದ ಹೆಂಗಸರಿಗೆ ಎಡೀಮಾ ಕಾಣುವುದು ಹೊಸದೇನಲ್ಲ. ವಯಸ್ಸಾದಂತೆ ಆರೋಗ್ಯವಂತರ ಕೈಗಳಲ್ಲೂ ಅಷ್ಟಿಷ್ಟು ಉರಿಯೂತದ ಛಾಯೆ ಬರುತ್ತದೆ. ನನ್ನ ಮಂಡಿಯನ್ನು ಸ್ಕ್ಯಾನ್ ಮಾಡಿದರೆ ನಿನಗೆ ಒಂದು ಪಾಠವೇ ಆದೀತು. ಆದರೂ ಬೆಳಿಗ್ಗೆ ವಾಕಿಂಗ್ ಬಿಟ್ಟಿಲ್ಲ. ರೋಗಿಗಳ ಚಿತ್ರವನ್ನೇ ನೋಡಿ ನೋಡಿ ಪಳಗಿದ ಕಣ್ಣಿಗೆ ಸಾಮಾನ್ಯವಾದದ್ದೂ ರೋಗದಂತೆ ಕಾಣಲು ಶುರುವಾಗುತ್ತದೆ. ಅಭ್ಯಾಸಕ್ಕೆ ಚಿತ್ರ ಬೇಕಾದರೆ 2004ರಲ್ಲಿ ಅಮೆರಿಕದಲ್ಲಿ ಶುರುವಾದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಇದೆ. 45ರಿಂದ 79 ವಯಸ್ಸಿನ 4796 ಜನರ ಮಂಡಿಗಳನ್ನು 3 ಟೆಸ್ಲಾ ಯಂತ್ರಗಳಲ್ಲಿ ವರ್ಷಗಟ್ಟಲೆ ಮತ್ತೆ ಮತ್ತೆ ಚಿತ್ರಿಸಿ, ಹೆಸರು ತೆಗೆದು, ಸಂಶೋಧಕರಿಗೆ ಬಿಟ್ಟುಕೊಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಪಾಠಶಾಲೆ ನನ್ನ ಕಾಲದಲ್ಲಿ ಕನಸಿನಲ್ಲೂ ಇರಲಿಲ್ಲ.

ಮಂಡಿಯ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ ಇರುವುದು ಅಲ್ಲೇ. ಸ್ಪ್ರಿಫರ್ಮಿನ್ ಅಂತ ಒಂದು ಔಷಧ, ಮಂಡಿಯೊಳಕ್ಕೆ ಚುಚ್ಚುವುದು, ಮೃದ್ವಸ್ಥಿ ಬೆಳೆಸಬಲ್ಲದು ಅನ್ನುವ ಆಸೆ. 549 ಜನರ ಪ್ರಯೋಗ ನಡೆದು 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ, ಆರು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣದ ಔಷಧ ಪಡೆದವರ ಮೃದ್ವಸ್ಥಿ ಸರಾಸರಿ 0.05 ಮಿಲಿಮೀಟರ್ ದಪ್ಪವಾಗಿತ್ತು, ಪ್ಲಾಸಿಬೊ ಗುಂಪಿನವರದು 0.02 ಮಿಲಿಮೀಟರ್ ತೆಳುವಾಗಿತ್ತು. ಅಂಕಿಅಂಶದ ಪ್ರಕಾರ ವ್ಯತ್ಯಾಸ ನಿಜ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯಿತು ಅಂದರೆ ಸಣ್ಣ ಮಾತೇ? ಆದರೆ ನೋವು, ಬಿಗಿತ, ಓಡಾಟ ಇವುಗಳನ್ನು ಕೇಳಿ ಹಾಕುವ ಅಂಕದಲ್ಲಿ ಔಷಧ ಪಡೆದವರಿಗೂ ಪ್ಲಾಸಿಬೊ ಪಡೆದವರಿಗೂ ಗಣನೀಯ ಅಂತರ ಕಾಣಲಿಲ್ಲ.

ಈ 0.05ರ ಬಗ್ಗೆ ಸ್ವಲ್ಪ ಯೋಚಿಸು. ಮೃದ್ವಸ್ಥಿ ಅಳೆಯುವ ಒಳ್ಳೆಯ ಚಿತ್ರಗಳಲ್ಲಿ ಒಂದು ಚುಕ್ಕಿಯ ಅಗಲವೇ ಸುಮಾರು 0.4 ಮಿಲಿಮೀಟರ್. ಬದಲಾವಣೆ ಅದರ ಎಂಟರಲ್ಲೊಂದು ಪಾಲು! ಚುಕ್ಕಿಗಿಂತ ಚಿಕ್ಕದನ್ನು ಅಳೆದದ್ದು ಹೇಗೆ ಅಂತ ನೀನು ಕೇಳಬೇಕು. ಒಂದು ಮಂಡಿಯಲ್ಲಿ ಸಾವಿರಾರು ಜಾಗದಲ್ಲಿ ದಪ್ಪ ಅಳೆದು ಸರಾಸರಿ ತೆಗೆದು, ಆಮೇಲೆ ನೂರಾರು ಜನರ ಸರಾಸರಿ ತೆಗೆದಾಗ ಸಣ್ಣ ತಪ್ಪುಗಳು ಒಂದಕ್ಕೊಂದು ಹೊಡೆದುಹೋಗಿ ಆ ಅಂಕೆ ಉಳಿಯುತ್ತದೆ. ಗುಂಪಿಗೆ ಅದು ಸಾಚಾ ಅಂಕೆ. ಒಬ್ಬ ಮನುಷ್ಯನ ಒಂದು ಮಂಡಿಗೆ ಹಾಗೆ ಹೇಳಲಾಗದು. ನಾಳೆ ಯಾರಾದರೂ ಡಾಕ್ಟರು ತಮ್ಮ ರೋಗಿಯ ಎರಡು ಸ್ಕ್ಯಾನ್ ತಂದು ‘ಇವರ ಮೃದ್ವಸ್ಥಿ ಬೆಳೆದಿದೆಯಾ ನೋಡಮ್ಮ’ ಅಂದರೆ, ಪ್ರಯೋಗದ ಲೆಕ್ಕವನ್ನು ಅಲ್ಲಿಗೆ ತರಬೇಡ.

ಇದಕ್ಕೆ ತಿರುವುಮುರುವಾದದ್ದೂ ಇದೆ. ಮಂಡಿ ನೋವಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಊರೂರಲ್ಲಿ ಕೊಡುತ್ತಾರೆ. ಬಾಸ್ಟನ್ನಿನಲ್ಲಿ ತಿಮೋತಿ ಮೆಕಲಿಂಡನ್ ಮತ್ತು ಸಂಗಡಿಗರು 140 ಜನರಲ್ಲಿ ಅರ್ಧ ಮಂದಿಗೆ ಮೂರು ತಿಂಗಳಿಗೊಮ್ಮೆ ಟ್ರಯಾಮ್ಸಿನೊಲೋನ್, ಇನ್ನರ್ಧಕ್ಕೆ ಬರೀ ಸಲೈನ್, ಎರಡು ವರ್ಷ ಕೊಟ್ಟು ಎಂಆರ್‌ಐಯಲ್ಲಿ ಅಳೆದರು. 2017ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಸ್ಟೆರಾಯ್ಡ್ ಪಡೆದವರ ಮೃದ್ವಸ್ಥಿ 0.21 ಮಿಲಿಮೀಟರ್ ತೆಳುವಾಯಿತು, ಸಲೈನ್ ಪಡೆದವರದು 0.10. ನೋವಿನಲ್ಲಿ ವ್ಯತ್ಯಾಸವಿಲ್ಲ. ಎಂಆರ್‌ಐ ಇಲ್ಲದಿದ್ದರೆ ಈ ಹಾನಿ ಅಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಚಿತ್ರಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಚಿತ್ರ ಒಂದು ಸಾಕ್ಷಿ. ರೋಗಿ ಇನ್ನೊಂದು ಸಾಕ್ಷಿ. ಇಬ್ಬರ ಹೇಳಿಕೆ ತಾಳೆಯಾಗದಿದ್ದಾಗ ನಮ್ಮವರು ಚಿತ್ರದ ಕಡೆಗೇ ವಾಲುತ್ತಾರೆ, ಅದು ಅಂಕೆಯಲ್ಲಿ ಮಾತಾಡುತ್ತದೆ ಅಂತ. ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎಯವರು 2018ರಲ್ಲಿ ಕೀಲು ಸವೆತದ ಬಗ್ಗೆ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ ಈ ಬಗ್ಗೆ ಗಟ್ಟಿಯಾಗಿಯೇ ನಿಂತರು. ಚಿತ್ರದ ಬದಲಾವಣೆಯಿಂದ ರೋಗಿಗೆ ಪ್ರಯೋಜನವಾಗುತ್ತದೆ ಅಂತ ಮೊದಲು ತೋರಿಸಿ ಅನ್ನುವುದು ಅದರ ಸಾರ. ಕಂಪನಿಗಳಿಗೆ ಕಹಿ. ನನಗೆ ಸರಿ ಅನ್ನಿಸಿತು.

ಆಸ್ಟ್ರೇಲಿಯಾದ ಟಾಸ್ಮೇನಿಯಾದವರದ್ದು ನಾನು ಮೆಚ್ಚುವ ಕೆಲಸ. 2012ರಲ್ಲಿ ಅವರು 59 ಜನರ ಸಣ್ಣ ಪ್ರಯೋಗದಲ್ಲಿ ಝೊಲೆಡ್ರಾನಿಕ್ ಆಸಿಡ್ ಒಂದು ಸಲ ರಕ್ತನಾಳಕ್ಕೆ ಕೊಟ್ಟಾಗ ಆರು ತಿಂಗಳಲ್ಲಿ ಮಂಡಿಯ ಮೂಳೆಮಜ್ಜೆಯ ಗಾಯವೂ ಕಿರಿದಾಯಿತು, ನೋವೂ ಇಳಿಯಿತು ಅಂತ ಪ್ರಕಟಿಸಿದ್ದರು. ಅಲ್ಲಿಗೇ ನಿಂತು ಊರೂರು ಭಾಷಣ ಮಾಡಬಹುದಿತ್ತು. ಅವರು 223 ಜನರೊಂದಿಗೆ ಎರಡು ವರ್ಷದ ದೊಡ್ಡ ಪ್ರಯೋಗಕ್ಕೆ ಇಳಿದರು. ಮೃದ್ವಸ್ಥಿ ಸವೆಯುವುದು ಕಡಿಮೆಯಾಗಲಿಲ್ಲ, ನೋವಿನಲ್ಲೂ ಲಾಭ ಕಾಣಲಿಲ್ಲ. 2020ರಲ್ಲಿ ಅದನ್ನೂ ಅಷ್ಟೇ ಗಟ್ಟಿಯಾಗಿ ಪ್ರಕಟಿಸಿದರು. ಸಣ್ಣ ಪ್ರಯೋಗದ ಚೆಂದದ ಚಿತ್ರ ನೋಡಿ ಯಾರಾದರೂ ಕುಣಿದಾಡುತ್ತಿದ್ದರೆ ಈ ಎರಡು ಪ್ರಬಂಧಗಳನ್ನು ಒಟ್ಟಿಗೆ ಓದಲು ಕೊಡು.

ಚಿತ್ರವನ್ನು ಬೆನ್ನಟ್ಟಿ ಚಿಕಿತ್ಸೆ ಮಾಡಿದರೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. ಡೆನ್ಮಾರ್ಕಿನ ಇಮ್ಯಾಜಿನ್-ಆರ್‌ಎ ಪ್ರಯೋಗದಲ್ಲಿ ರುಮಟಾಯ್ಡ್ ಸಂಧಿವಾತ ಹತೋಟಿಗೆ ಬಂದಿದ್ದ 200 ಜನ. ಅರ್ಧ ಮಂದಿಗೆ ವಾಡಿಕೆಯಂತೆ ಕೀಲು ಮುಟ್ಟಿ, ರಕ್ತ ನೋಡಿ ಔಷಧ ತೀರ್ಮಾನ. ಇನ್ನರ್ಧಕ್ಕೆ ಅದರ ಜೊತೆಗೆ ಎಂಆರ್‌ಐಯಲ್ಲಿ ಎಡೀಮಾ ಪೂರ್ತಿ ಹೋಗುವವರೆಗೆ ಔಷಧ ಏರಿಸುವುದು. ಎರಡು ವರ್ಷದ ಮೇಲೆ ರೋಗ ಶಮನವಾದವರು ಎಂಆರ್‌ಐ ಗುಂಪಿನಲ್ಲಿ ಶೇ. 85, ವಾಡಿಕೆಯ ಗುಂಪಿನಲ್ಲಿ ಶೇ. 88. ಎಕ್ಸ್‌ರೇ ಹಾನಿಯನ್ನು ತಡೆಯುವುದರಲ್ಲೂ ಎಂಆರ್‌ಐ ಗುಂಪು ಮುಂದೆ ಹೋಗಲಿಲ್ಲ. ಗಂಭೀರ ಅಡ್ಡ ಪರಿಣಾಮ ಮಾತ್ರ ಎಂಆರ್‌ಐ ಗುಂಪಿನಲ್ಲಿ 17, ಇನ್ನೊಂದರಲ್ಲಿ 6. ಮುಂದಿನ ಹಾನಿಯನ್ನು ಮುಂಗಾಣಬಲ್ಲ ಅದೇ ಎಡೀಮಾ ಇದು! ಮುಂಗಾಣುವುದಕ್ಕೆ ಒದಗುವ ಗುರುತು ಚಿಕಿತ್ಸೆಯ ಗುರಿಯಾಗಿಯೂ ಒದಗಬೇಕೆಂದಿಲ್ಲ. ಇದನ್ನು ಯಾರೋ ತತ್ತ್ವವಾಗಿ ಹೇಳಿದ್ದರೆ ನಾನೂ ತಲೆದೂಗಿ ಮರೆಯುತ್ತಿದ್ದೆ. ಓಸ್ಟರ್‌ಗಾರ್ಡ್ ಅವರೇ ಸೇರಿದ್ದ ತಂಡ ಪರೀಕ್ಷಿಸಿ, ತಮ್ಮ ನೆಚ್ಚಿನ ಅಳತೆಗೇ ವಿರುದ್ಧವಾಗಿ ಬಂದದ್ದನ್ನು ಪ್ರಕಟಿಸಿತು ಅನ್ನುವುದರಿಂದ ನೆನಪಿನಲ್ಲಿ ಉಳಿಯಿತು.

ಇನ್ನು ಎರಡು ಮಾತು, ಕೊಳವೆಯೊಳಗೆ ಮಲಗುವವರ ಬಗ್ಗೆ. ಗ್ಯಾಡೋಲಿನಿಯಂ ನೀರಲ್ಲ. ಮೂತ್ರಪಿಂಡ ತೀರಾ ಸೋತವರಲ್ಲಿ ಹಳೆಯ ಬಗೆಯ ಕೆಲವು ಗ್ಯಾಡೋಲಿನಿಯಂ ದ್ರವ್ಯಗಳಿಂದ ಚರ್ಮ, ಒಳಾಂಗಗಳು ಗಟ್ಟಿಯಾಗುವ ಕಾಯಿಲೆ ಬಂದದ್ದಿದೆ. ಅದಕ್ಕೇ ಕ್ರಿಯಾಟಿನಿನ್ ಪರೀಕ್ಷೆ. ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದ ಸಂಧಿವಾತದ ರೋಗಿಗಳಲ್ಲಿ ಇದು ನೆಪಮಾತ್ರದ ಪರೀಕ್ಷೆ ಆಗಕೂಡದು. ಪ್ರಯೋಗದ ಯೋಜನೆ ಮಾಡುವ ಸಭೆಯಲ್ಲಿ ಎಂದಾದರೂ ನಿನ್ನನ್ನು ಕೂರಿಸಿದರೆ, ಈ ಸಲದ ಸ್ಕ್ಯಾನಿಗೆ ಇಂಜೆಕ್ಷನ್ ನಿಜಕ್ಕೂ ಬೇಕಾ, ಕೊರೆತ ಮತ್ತು ಎಡೀಮಾ ಅದಿಲ್ಲದೆಯೂ ಕಾಣುತ್ತವಲ್ಲ ಅಂತ ಬಾಯಿಬಿಟ್ಟು ಕೇಳು. ಭಾರತದಲ್ಲಿ ನಡೆಯುವ ಪ್ರಯೋಗವಾದರೆ ಅದು ಇಲ್ಲಿನ ಪ್ರಯೋಗಗಳ ಸಾರ್ವಜನಿಕ ನೋಂದಣಿಯಾದ ಸಿಟಿಆರ್‌ಐ ದಾಖಲಾತಿಯಲ್ಲಿ ಇದೆಯೇ, ಅಲ್ಲಿ ಮುಖ್ಯ ಅಳತೆ ಅಂತ ಬರೆದದ್ದಕ್ಕೂ ನಿನ್ನ ಕೈಗೆ ಬಂದ ಫಾರಂಗೂ ತಾಳೆಯಿದೆಯೇ ಅಂತ ನೋಡು. 2009ರಿಂದ ದಾಖಲಾತಿ ಕಡ್ಡಾಯ. ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು.

ಕಡೆಯದಾಗಿ, ಮಣಿಕಟ್ಟಿನ ಅಂಕ ಹಾಕುತ್ತ ಹೋಗುವಾಗ ಒಂದು ದಿನ ಮೂಳೆಯಲ್ಲಿ ಗಡ್ಡೆಯಂಥದ್ದು ಕಾಣಬಹುದು, ಮಂಡಿಯ ಹಿಂದೆ ರಕ್ತನಾಳ ಉಬ್ಬಿರುವುದು ಕಾಣಬಹುದು. ನಿನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ರೋಗಿಯ ಹೆಸರು ನಿನಗೆ ಗೊತ್ತಿಲ್ಲ, ಇರುವುದು ಒಂದು ನಂಬರು. ಸ್ಕ್ಯಾನ್ ಮಾಡಿದ ಆಸ್ಪತ್ರೆಯವರು ನೋಡಿರುತ್ತಾರೆ ಅಂತ ನೀನು, ಕೇಂದ್ರದ ತಜ್ಞರು ನೋಡುತ್ತಾರೆ ಅಂತ ಅವರು ಸುಮ್ಮನಿದ್ದರೆ ಆ ಗಡ್ಡೆ ಇಬ್ಬರ ನಡುವೆ ಬಿದ್ದುಹೋಗುತ್ತದೆ. ಇಂಥದ್ದು ಕಂಡರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಅನ್ನುವ ಕ್ರಮ ಅಲ್ಲಿ ಬರವಣಿಗೆಯಲ್ಲಿ ಇರಬೇಕು. ಸೇರಿದ ಮೊದಲ ವಾರವೇ ಅದನ್ನು ಕೇಳಿ ಓದಿಕೋ. ಇಲ್ಲ ಅಂದರೆ ಬರೆಸು.